ಆ ಕಡೆ ಇರುವುದು ಯಾರು?

ಪ್ರಶ್ನೆ ಕೇಳುವುದಕ್ಕೂ ಮೊದಲೇ ಅವಳು ಟೈಪ್ ಮಾಡಿದ್ದು ಇಷ್ಟು: ‘ನೀವು ಮನುಷ್ಯರಾ, ಬಾಟಾ?’

‘ಮನುಷ್ಯಳೇ. ಗ್ರಂಥಪಾಲಕಿ. ಏನು ಹುಡುಕುತ್ತಿದ್ದೀರಿ ಹೇಳಿ’ ಎಂದು ಆ ಕಡೆಯಿಂದ ಬಂತು.

ನನ್ನ ತಂಗಿಯ ಮಗಳಿಗೆ ಹದಿನೈದು ವರ್ಷ. ಓದುವುದು ನ್ಯೂಜೆರ್ಸಿಯ ಹೈಸ್ಕೂಲಿನಲ್ಲಿ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಪೇಚಾಡುತ್ತಿದ್ದಳು. 1913ರಲ್ಲಿ ಪ್ಯಾಟರ್ಸನ್ ಊರಿನ ರೇಷ್ಮೆ ಗಿರಣಿಗಳಲ್ಲಿ ನಡೆದ ದೊಡ್ಡ ಮುಷ್ಕರದ ಬಗ್ಗೆ, ಆ ಕಾಲದಲ್ಲೇ ಬರೆದ ಎರಡು ಬರಹಗಳನ್ನು ಹುಡುಕಿ ಒಪ್ಪಿಸಬೇಕಿತ್ತು. ವಿಕಿಪೀಡಿಯ ನಡೆಯದು. ಯಾವುದೋ ಎಐ ಚಾಟ್‌ಬಾಟನ್ನು ಕೇಳಿದ್ದಕ್ಕೆ ಅದು ತಾರೀಖು, ತಲೆಬರಹ ಸಮೇತ ಒಂದು ಪತ್ರಿಕಾ ವರದಿಯನ್ನು ಹೆಸರಿಸಿತ್ತು. ಆ ವರದಿ ಎಲ್ಲಿ ಹುಡುಕಿದರೂ ಇಲ್ಲ. ಕೊನೆಗೆ ಊರಿನ ಸಾರ್ವಜನಿಕ ಗ್ರಂಥಾಲಯದ ಜಾಲತಾಣದಲ್ಲಿ, ಪುಟದ ಕೆಳಮೂಲೆಯಲ್ಲಿದ್ದ ಚಾಟ್ ಗುಂಡಿಯನ್ನು ಒತ್ತಿದ್ದಳು. ಇಂಥದ್ದೊಂದು ಸೌಲಭ್ಯವಿದೆ ಎಂದು ನಾನು ಓದಿದ್ದೆನೇ ಹೊರತು ನಡೆಯುವುದನ್ನು ನೋಡಿರಲಿಲ್ಲ. ಅವಳ ಅಪ್ಪಣೆ ಪಡೆದು ಪಕ್ಕದಲ್ಲೇ ಕೂತೆ.

ಆ ಕಡೆ ಇರುವುದು ಮನುಷ್ಯರೇ ಎಂದು ಗೊತ್ತಾದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ ಟೀಚರು ಕೊಟ್ಟ ಪ್ರಶ್ನೆಯನ್ನು ಇಡಿಯಾಗಿ ಕಾಪಿ ಮಾಡಿ ಅಂಟಿಸಿದ್ದು. ಮಕ್ಕಳು ಗ್ರಂಥಾಲಯಕ್ಕೆ ತರುವ ಪ್ರಶ್ನೆಗಳಲ್ಲಿ ಬಹುಪಾಲು ಅವರದ್ದಲ್ಲ, ಬೇರೆಯವರು ಹೊರಿಸಿದ್ದು. ಮೆಲಿಸಾ ಗ್ರಾಸ್ ಎಂಬ ಸಂಶೋಧಕಿ 1990ರ ದಶಕದಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ. ಪ್ರಶ್ನೆ ತನ್ನದಲ್ಲವಾದ್ದರಿಂದ ‘ನಿಮಗೆ ನಿಖರವಾಗಿ ಏನು ಬೇಕು?’ ಎಂದು ತಿರುಗಿ ಕೇಳಿದರೆ ಮಗುವಿನ ಬಳಿ ಉತ್ತರ ಇರುವುದಿಲ್ಲ. ಈ ಗ್ರಂಥಪಾಲಕಿ ಹಾಗೆ ಕೇಳಲಿಲ್ಲ. ‘ಇದುವರೆಗೆ ಎಲ್ಲೆಲ್ಲಿ ನೋಡಿದಿರಿ?’ ಎಂದರು. ಹುಡುಗಿ ಸುಳ್ಳು ವರದಿಯ ಕತೆಯನ್ನು ಹೇಳಿಕೊಂಡಳು. ‘ಈಚೆಗೆ ಹೀಗೆ ಬಹಳ ಜನ ಬರುತ್ತಾರೆ, ನಿಮ್ಮ ತಪ್ಪಲ್ಲ’ ಎಂಬ ಸಾಲು ಬಂತು. ಅಲ್ಲಿಯವರೆಗೆ ಬಿಗಿಯಾಗಿದ್ದ ಅವಳ ಹೆಗಲು ಇಳಿದದ್ದು ನನ್ನ ಕಣ್ಣಿಗೇ ಕಂಡಿತು.

ಆಮೇಲೆ ಪರದೆ ಸುಮ್ಮನಾಯಿತು.

ಈ ಮೌನದ ಬಗ್ಗೆ ನನಗೆ ಹೇಳಿ ಮುಗಿಯದು. ಗ್ರಂಥಾಲಯದ ಮೇಜಿನ ಎದುರು ನಿಂತಿದ್ದರೆ, ಆಕೆ ಕಂಪ್ಯೂಟರಿನತ್ತ ಬಗ್ಗುವುದು, ಹುಬ್ಬು ಗಂಟಿಕ್ಕುವುದು, ಕಪಾಟಿನತ್ತ ನಡೆಯುವುದು ಎಲ್ಲ ಕಾಣುತ್ತದೆ. ಚಾಟ್‌ನಲ್ಲಿ ಅದೇ ದುಡಿಮೆ ಬರೀ ಖಾಲಿ ಜಾಗವಾಗುತ್ತದೆ. ‘ಹೋಗ್ಬಿಟ್ರು ಅನ್ಸತ್ತೆ’ ಎಂದಳು ಹುಡುಗಿ. ‘ಇದ್ದೀರಾ?’ ಎಂದು ಟೈಪ್ ಮಾಡಿ ಅಳಿಸಿದಳು. ಮತ್ತೆ ಟೈಪ್ ಮಾಡಿದಳು, ಮತ್ತೆ ಅಳಿಸಿದಳು. ಪೀಡಿಸಿದಂತಾಗುತ್ತದೆ ಎಂಬ ಅಳುಕು. ಅಮೆರಿಕದ ಗ್ರಂಥಾಲಯ ಸಂಘದ ಪರಾಮರ್ಶನ (ರೆಫರೆನ್ಸ್) ವಿಭಾಗ 2004ರಲ್ಲಿ ತನ್ನ ನಡವಳಿಕೆಯ ಸೂತ್ರಗಳನ್ನು ಪರಿಷ್ಕರಿಸಿ, ದೂರದಿಂದ ಕೇಳುವವರ ಬಗ್ಗೆಯೂ ನಿಯಮಗಳನ್ನು ಸೇರಿಸಿತು. ಎದುರಿಗಿದ್ದವರ ಕಣ್ಣು ನೋಡಿ ಮಾತಾಡಬೇಕಾದ ಹಾಗೆ, ದೂರದಲ್ಲಿರುವವರ ಜೊತೆ ಮಾತಿನ ಎಳೆ ಕಡಿಯದಂತೆ ಆಗಾಗ ಒಂದೊಂದು ಸಾಲು ಕಳಿಸುತ್ತಿರಬೇಕು ಎಂಬುದು ಅದರ ತಾತ್ಪರ್ಯ. ಕಾಗದದ ಮೇಲೆ ಇದು ಸಣ್ಣ ವಿಷಯ. ಆ ರಾತ್ರಿ ಹುಡುಗಿಯ ಬೆರಳು ಅಳಿಸುವ ಗುಂಡಿಯ ಮೇಲೆ ತಡವರಿಸುತ್ತಿದ್ದಾಗ ಮಾತ್ರ, ಈ ವ್ಯವಸ್ಥೆಯೆಲ್ಲ ನಿಂತಿರುವುದೇ ಈ ಒಂದು ನಿಯಮದ ಮೇಲೆ ಎನಿಸಿತು. ಮೊದಲೇ ಬರೆದಿಟ್ಟ ‘ದಯವಿಟ್ಟು ಕಾಯಿರಿ’ ಎಂಬ ಸಿದ್ಧ ಸಾಲು ಇಲ್ಲಿ ಸಾಲದು. ಮಕ್ಕಳು ಅದನ್ನು ಕ್ಷಣದಲ್ಲಿ ಗುರುತಿಸುತ್ತಾರೆ, ಯಂತ್ರದ ಮಾತು ಎಂದು ಬದಿಗೆ ತಳ್ಳುತ್ತಾರೆ.

ಕೊನೆಗೆ ಸಾಲು ಬಂತು: ‘ಇಲ್ಲೇ ಇದ್ದೇನೆ, ಹಳೆಯ ಪತ್ರಿಕೆಗಳನ್ನು ತಡಕುತ್ತಿದ್ದೇನೆ.’ ಅದರ ಬೆನ್ನಿಗೇ ‘ಕ್ರಾನಿಕ್ಲಿಂಗ್ ಅಮೆರಿಕ’ದ ಕೊಂಡಿ. ಅಮೆರಿಕದ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಲೈಬ್ರರಿ ಆಫ್ ಕಾಂಗ್ರೆಸ್ ಎಲ್ಲರಿಗೂ ಉಚಿತವಾಗಿ ಕೊಟ್ಟಿರುವ ಭಂಡಾರ ಅದು. ಉತ್ತರವನ್ನು ಸಿದ್ಧ ಮಾಡಿ ಕೈಗಿಡಲಿಲ್ಲ. ‘ಇಂದಿನ ಇತಿಹಾಸಕಾರರು ಬಳಸುವ ಹೆಸರಿನಿಂದ ಹುಡುಕಬೇಡಿ. ಆಗಿನ ವರದಿಗಾರರು ಹೇಗೆ ಬರೆದಿರಬಹುದು ಯೋಚಿಸಿ. ರೇಷ್ಮೆ ಮುಷ್ಕರಗಾರರು ಎಂದು ಹಾಕಿ, ವರ್ಷ 1913 ಎಂದು ಕೊಡಿ’ ಎಂದರು. ಹುಡುಗಿ ಹಾಕಿದಳು. ನೂರು ವರ್ಷಕ್ಕೂ ಹಳೆಯ ನ್ಯೂಯಾರ್ಕಿನ ಪತ್ರಿಕೆಗಳು ಒಂದರ ಹಿಂದೊಂದು ತೆರೆದುಕೊಂಡವು. ಎರಡರ ಬದಲು ನಾಲ್ಕು ಮಗ್ಗ ನೋಡಿಕೊಳ್ಳಿ ಎಂದದ್ದಕ್ಕೆ ನೇಕಾರರು ಸಿಡಿದೆದ್ದದ್ದು, ಸುಮಾರು 25,000 ಮಂದಿ ತಿಂಗಳುಗಟ್ಟಲೆ ಕೆಲಸ ಬಿಟ್ಟದ್ದು, ಜೂನ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಾರ್ಮಿಕರೇ ತಮ್ಮ ಹೋರಾಟವನ್ನು ರಂಗದ ಮೇಲೆ ಆಡಿ ತೋರಿಸಿದ್ದು. ‘ದೊಡ್ಡಮ್ಮಾ, ನೋಡು, ನಾಟಕ ಆಡಿದಾರೆ!’ ಎಂದು ಕಿರುಚಿದಳು. ಟೀಚರ ಪ್ರಶ್ನೆ ಆ ಗಳಿಗೆಯಲ್ಲಿ ಅವಳದ್ದಾಯಿತು.

ಮುಗಿಸುವ ಮುನ್ನ ಇವಳು ಕುತೂಹಲಕ್ಕೆ ಕೇಳಿದಳು, ‘ನೀವು ನಮ್ಮೂರ ಯಾವ ಶಾಖೆಯಲ್ಲಿದ್ದೀರಿ?’ ಆಕೆ ಇದ್ದದ್ದು ದೇಶದ ಇನ್ನೊಂದು ತುದಿಯ ರಾಜ್ಯದಲ್ಲಿ. ಊರ ಗ್ರಂಥಾಲಯ ಬಾಗಿಲು ಹಾಕಿದ ಮೇಲೆ ಪ್ರಶ್ನೆಗಳು ಸಹಕಾರಿ ಜಾಲದ ಬೇರೆ ಗ್ರಂಥಾಲಯಗಳಿಗೆ ಹೋಗುತ್ತವೆ. ದಕ್ಷಿಣ ಕ್ಯಾಲಿಫೋರ್ನಿಯಾದ ಗ್ರಂಥಾಲಯಗಳ ಒಕ್ಕೂಟವೊಂದು ಕಟ್ಟಿದ ಇಪ್ಪತ್ತನಾಲ್ಕು ತಾಸಿನ ವ್ಯವಸ್ಥೆ, 2002ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಮತ್ತು ಗ್ರಂಥಾಲಯಗಳ ಸಹಕಾರಿ ಸಂಸ್ಥೆಯಾದ ಒಸಿಎಲ್‌ಸಿ ಸೇರಿ ಆರಂಭಿಸಿದ ಪ್ರಶ್ನೋತ್ತರ ಸೇವೆ ಕ್ವೆಶ್ಚನ್‌ಪಾಯಿಂಟ್, 2004ರಲ್ಲಿ ಎರಡರ ಜೋಡಣೆ, 2019ರಲ್ಲಿ ಅದೆಲ್ಲ ಸ್ಪ್ರಿಂಗ್‌ಶೇರ್ ಕಂಪನಿಯ ಕೈಗೆ: ಈ ಜಾಲದ ಚರಿತ್ರೆ ಇಷ್ಟೇ. ನ್ಯೂಜೆರ್ಸಿಯೇ 2001ರಲ್ಲಿ ರಾಜ್ಯಕ್ಕೆಲ್ಲ ಒಂದು ಸೇವೆ ತೆರೆದಿತ್ತು. ಸುಮಾರು ಹತ್ತು ವರ್ಷ ನಡೆದು ಅದು ನಿಂತಿತು.

ಮಕ್ಕಳು ಇದನ್ನೆಲ್ಲ ಹೇಗೆ ಕಂಡರು? ಇದೇ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಮೇರಿ ರಾಡ್‌ಫರ್ಡ್ ಮತ್ತು ಒಸಿಎಲ್‌ಸಿಯ ಲಿನ್ ಕೊನವೇ 2005ರಿಂದ ಕೆಲವು ವರ್ಷ ನಡೆಸಿದ ಅಧ್ಯಯನ ಇದಕ್ಕೆ ದೊಡ್ಡ ಆಧಾರ. ನೂರಾರು ಚಾಟ್‌ಗಳ ದಾಖಲೆಯನ್ನು, ಕೇಳಿದವರ ಗುರುತು ತೆಗೆದು, ಸಾಲು ಸಾಲಾಗಿ ಓದಿದರು. ಹದಿಹರೆಯದವರನ್ನು ಗುಂಪಾಗಿ ಕೂರಿಸಿ ಮಾತಾಡಿಸಿದರು. ಕಂಪ್ಯೂಟರ್ ಮುಂದೆಯೇ ಬೆಳೆದ ಮಕ್ಕಳು ಚಾಟ್ ಸೇವೆಗೆ ಮುಗಿಬೀಳುತ್ತಾರೆ ಎಂದು ದೊಡ್ಡವರು ನಂಬಿದ್ದ ಕಾಲ ಅದು. ಮಕ್ಕಳು ಹೇಳಿದ್ದೇ ಬೇರೆ. ಇಂಥ ಸೇವೆ ಇರುವುದೇ ಅನೇಕರಿಗೆ ಗೊತ್ತಿರಲಿಲ್ಲ. ಗೂಗಲ್ ಇದೆ, ಗೆಳೆಯರಿದ್ದಾರೆ, ಬೇಕಾದರೆ ಪರಿಚಯದ ಗ್ರಂಥಪಾಲಕರನ್ನೇ ಹೋಗಿ ಕೇಳುತ್ತೇವೆ ಎಂದರು. ಆ ಕಡೆ ಇರುವ ಗುರುತು ಪರಿಚಯವಿಲ್ಲದವರು ಸರಣಿ ಕೊಲೆಗಾರರೂ ಆಗಿರಬಹುದಲ್ಲ ಎಂದೂ ಒಂದು ಮಗು ಹೇಳಿತು.

ಆ ಮಾತನ್ನು ಹುಡುಗಾಟಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಅಂತರ್ಜಾಲದಲ್ಲಿ ಅಪರಿಚಿತರ ಜೊತೆ ಮಾತಾಡಬೇಡಿ ಎಂದು ಶಾಲೆಗಳು ಹೇಳಿಕೊಟ್ಟಿದ್ದವು. 2006ರ ಜುಲೈನಲ್ಲಿ ಅಮೆರಿಕದ ಕೆಳಮನೆ, ಶಾಲೆ ಮತ್ತು ಗ್ರಂಥಾಲಯಗಳ ಕಂಪ್ಯೂಟರುಗಳಲ್ಲಿ ಮಕ್ಕಳಿಗೆ ಸಾಮಾಜಿಕ ಜಾಲತಾಣ, ಚಾಟ್‌ರೂಮುಗಳನ್ನು ತಡೆಯುವ ಮಸೂದೆಯನ್ನು 410–15 ಮತಗಳಿಂದ ಅಂಗೀಕರಿಸಿತು. ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ ಅನ್ನಿ. ಒಂದು ಕಡೆ ಗ್ರಂಥಾಲಯ ‘ಬನ್ನಿ, ಚಾಟ್ ಮಾಡಿ’ ಎನ್ನುತ್ತಿದ್ದಾಗ, ಇನ್ನೊಂದು ಕಡೆ ಸಂಸತ್ತು ಚಾಟ್ ಎಂದರೇ ಅಪಾಯ ಎನ್ನುತ್ತಿತ್ತು. ಮಕ್ಕಳು ತಮಗೆ ಕಲಿಸಿದ ಪಾಠವನ್ನು ಸರಿಯಾಗಿ ಒಪ್ಪಿಸಿದರು, ಅಷ್ಟೇ. ಆಗಿನವರಿಗೆ ಆ ಕಡೆ ಕೆಟ್ಟ ಮನುಷ್ಯ ಇರಬಹುದೆಂಬ ಭಯ. ನನ್ನ ತಂಗಿಯ ಮಗಳಿಗೆ ಮನುಷ್ಯರೇ ಇಲ್ಲವೇನೋ ಎಂಬ ಸಂಶಯ. ಎರಡನ್ನೂ ಕಳೆಯುವ ದಾರಿ ಒಂದೇ, ಮಾತಾಡುವ ರೀತಿ.

ರಾಡ್‌ಫರ್ಡ್ ಬರಹಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಸಿಕ್ಕ ಮಾಹಿತಿಯ ಜೊತೆಗೆ, ತಮ್ಮನ್ನು ಹೇಗೆ ನಡೆಸಿಕೊಂಡರು ಎಂಬುದರಿಂದಲೂ ಜನ ಸೇವೆಯನ್ನು ಅಳೆಯುತ್ತಾರೆ. ಕೆಲವು ಗ್ರಂಥಪಾಲಕರು ‘ಹೋಂವರ್ಕ್ ನಾವು ಮಾಡಿಕೊಡುವುದಿಲ್ಲ’ ಎಂದು ಗದರಿದರೆ ಮಗು ನಮಸ್ಕಾರವನ್ನೂ ಹೇಳದೆ ಕಿಟಕಿ ಮುಚ್ಚಿ ಹೋಗುತ್ತದೆ. ಅದನ್ನು ಒರಟುತನ ಎಂದು ಬರೆದುಕೊಳ್ಳುವವರನ್ನು ನಾನು ಒಪ್ಪಲಾರೆ. ಗದರಿಸಿಕೊಂಡ ಮಕ್ಕಳು ಎದುರಾಡದೆ ಎದ್ದು ಹೋಗುವುದು ಎಲ್ಲ ಕಾಲದಲ್ಲೂ ಇದ್ದದ್ದೇ. ವರ್ಜೀನಿಯಾ ವಾಲ್ಟರ್ ಮತ್ತು ಸಿಂಡಿ ಮೀಡಿಯಾವಿಲಾ 2005ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿ ಹದಿಹರೆಯದವರನ್ನು ನೆಪ್ಚೂನಿನವರೆಂದೂ ಗ್ರಂಥಪಾಲಕರನ್ನು ಪ್ಲೂಟೋದವರೆಂದೂ ಕರೆದರು. ಮರುವರ್ಷ ಪ್ಲೂಟೋ ಗ್ರಹದ ಪಟ್ಟವನ್ನೇ ಕಳೆದುಕೊಂಡಿತು. ಅವರು ಗುರುತಿಸಿದ ಅಂತರ ಮಾತ್ರ ಉಳಿದಿದೆ.

‘ಲೈಬ್ರರಿಗೇ ಹೋಗಿ ಕೇಳಬಹುದಿತ್ತಲ್ಲ?’ ಎಂದು ಮರುದಿನ ಕೇಳಿದೆ. ‘ಅಲ್ಲಿ ಎಲ್ಲರೆದುರು ದಡ್ಡಿ ಥರ ಕಾಣ್ತೀನಿ. ಇಲ್ಲಿ ನನ್ನ ಹೆಸರೂ ಗೊತ್ತಿಲ್ಲ, ಮುಖಾನೂ ಗೊತ್ತಿಲ್ಲ’ ಎಂದಳು. ಅಧ್ಯಯನದ ಮಕ್ಕಳು ಮುಖ ನೋಡಿ ಕೇಳುತ್ತೇವೆ ಎಂದಿದ್ದರು. ಇವಳಿಗೆ ಮುಖ ಕಾಣದಿರುವುದೇ ಧೈರ್ಯ. ಎರಡೂ ನಿಜ. ಪರಿಚಯದ ಗ್ರಂಥಪಾಲಕರು ಇರುವವರಿಗೆ ಚಾಟ್ ಬೇಕಿಲ್ಲ. ನಾಚುವ, ತೊದಲುವ, ತನ್ನ ಉಚ್ಚಾರಣೆಗೆ ಯಾರು ನಗುತ್ತಾರೋ ಎಂದು ಹೆದರುವ ಮಕ್ಕಳಿಗೆ ಅದು ಬೇಕು.

ಅಂಥ ಮಕ್ಕಳು ನಮ್ಮಲ್ಲೂ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 5,000ಕ್ಕೂ ಹೆಚ್ಚು ಇವೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದ ಮೇಲೆ ಅವು ‘ಅರಿವು ಕೇಂದ್ರ’ಗಳಾಗಿ ಹೊಸ ರೂಪ ಪಡೆಯುತ್ತಿವೆ, ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಒಳಗೆ ಬಂದಿದ್ದಾರೆ. ಪರಾಮರ್ಶನ ಸೇವೆಯನ್ನೇ ಗ್ರಂಥಾಲಯದ ಜೀವಾಳವೆಂದು ಸಾರಿದ ಎಸ್. ಆರ್. ರಂಗನಾಥನ್ 1962ರಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲಿ. ಪುಸ್ತಕ, ಕಂಪ್ಯೂಟರ್, ಇಂಟರ್ನೆಟ್ ಕೊಡುವುದರ ಜೊತೆಗೆ, ಕಲಘಟಗಿಯ ಹಳ್ಳಿಯ ಎಂಟನೇ ತರಗತಿ ಹುಡುಗ ಸಂಜೆ ಹೊತ್ತಿನಲ್ಲಿ ಕನ್ನಡದಲ್ಲೇ ಒಂದು ಸಾಲು ಟೈಪ್ ಮಾಡಿ ಕೇಳುವಂತಾದರೆ? ಉತ್ತರಿಸುವವರು ಮೈಸೂರಿನ ಗ್ರಂಥಪಾಲಕರಾಗಿರಲಿ, ಕಲಬುರಗಿಯವರಾಗಿರಲಿ. ಜಿಲ್ಲೆಗಳು ಸರದಿಯ ಮೇಲೆ ಸಂಜೆ ಹಂಚಿಕೊಂಡರೆ ಒಬ್ಬರ ಮೇಲೆ ಭಾರ ಬೀಳದು. ಒಂದು ಜಿಲ್ಲೆಯಲ್ಲಿ, ಪರೀಕ್ಷೆ ಹತ್ತಿರವಾಗುವ ಜನವರಿಯಿಂದ ಮಾರ್ಚ್‌ವರೆಗೆ, ದಿನಕ್ಕೆರಡು ತಾಸು ನಡೆಸಿ ನೋಡಲು ಇವತ್ತಿರುವ ಫೋನು, ಇವತ್ತಿರುವ ಸಿಬ್ಬಂದಿಯೇ ಸಾಕು.