ಲಿಂಕ್ ಹೋಯಿತೇ? ಮೊದಲು ದೀಪ ನೋಡಿ



ರೇಡಿಯೋ ಇದ್ದಕ್ಕಿದ್ದಂತೆ ಗೊರಗೊರ ಎಂದರೆ ನೀವು ಏನು ಮಾಡುತ್ತೀರಿ? ಸ್ಟೇಷನ್ನೇ ಮುಚ್ಚಿಹೋಯಿತು ಎಂದುಕೊಳ್ಳುವುದಿಲ್ಲ. ಏರಿಯಲ್ ತಿರುಗಿಸುತ್ತೀರಿ, ಸೆಲ್ ನೋಡುತ್ತೀರಿ, ಪಕ್ಕದ ಮನೆಯಲ್ಲಿ ಹಾಡು ಬರುತ್ತಿದೆಯೇ ಎಂದು ಕಿವಿಗೊಡುತ್ತೀರಿ. ಕಚೇರಿಯ ಡಾಟಾ ಸ್ಟೋರೇಜ್‌ನ ಲಿಂಕ್ ಕಡಿದಾಗ ಬೇಕಾದದ್ದೂ ಇದೇ ಬುದ್ಧಿ. ಆದರೆ ನಡುರಾತ್ರಿ ಮೇಲಧಿಕಾರಿ ಫೋನಿನಲ್ಲಿ ಕಾಯುತ್ತಿದ್ದರೆ ಅದೇ ಮೊದಲು ಮಾಯವಾಗುತ್ತದೆ! ನಿಮ್ಮಲ್ಲಿ ಹಲವರು ಇದೇ ಕೆಲಸದವರು. ಉಳಿದವರು, ಮನೆಯವರನ್ನು ಆ ಹೊತ್ತಿನಲ್ಲಿ ಕಚೇರಿಗೆ ಕಳಿಸಿಕೊಟ್ಟವರು. ಇಬ್ಬರಿಗೂ ಈ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಕಚೇರಿ ವಿಶಾಖಪಟ್ಟಣದಲ್ಲಿದೆ, ಅದರ ಲೆಕ್ಕಪತ್ರದ ಇನ್ನೊಂದು ಪ್ರತಿ ವಿಜಯವಾಡದಲ್ಲಿದೆ. ಎರಡು ಊರು ಯಾಕೆ ಎನ್ನುತ್ತೀರಾ? 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ಕರೆಂಟು, ಫೋನು ಎರಡೂ ಹೋಗಿದ್ದವು. 2024ರ ಸೆಪ್ಟೆಂಬರ್ ಮೊದಲಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಬಡಾವಣೆಗಳು ಮುಳುಗಿದವು. ಒಂದೂರಿಗೆ ಕಡಲಿನ ಭಯ, ಇನ್ನೊಂದಕ್ಕೆ ಹಳ್ಳದ ಭಯ. ಪ್ರತಿ ಎರಡು ಕಡೆ ಇದ್ದರೆ ಒಂದಾದರೂ ಉಳಿದೀತು.

ನಡುವೆ ರೈಲಿನ ದಾರಿ ಸುಮಾರು 350 ಕಿಲೋಮೀಟರ್. ಫೈಬರ್ ಕೇಬಲ್ಲಿನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಏನಿಲ್ಲವೆಂದರೂ ಮೂರೂವರೆ ಮಿಲಿಸೆಕೆಂಡು. ಅಲ್ಪವೆನಿಸುತ್ತದೆ ಅಲ್ಲವೇ? ಆದರೆ ಪ್ರತಿ ಸಲ ಬರೆದ ಮೇಲೂ ಆಚೆಯಿಂದ 'ತಲುಪಿತು' ಎಂಬ ಉತ್ತರಕ್ಕೆ ಕಾದರೆ, ಒಂದಾದ ಮೇಲೊಂದರಂತೆ ಸೆಕೆಂಡಿಗೆ 300 ಸಲವೂ ಬರೆಯಲಾಗದು. ಅದಕ್ಕೇ ಇಷ್ಟು ದೂರವಿದ್ದಾಗ ಸಾಮಾನ್ಯವಾಗಿ ಕಾಯದೆ ಬರೆದು, ಪ್ರತಿಯನ್ನು ಹಿಂದಿನಿಂದ ಕಳಿಸುತ್ತಾರೆ. ಅಂದರೆ ವಿಜಯವಾಡದ ಪ್ರತಿ ಯಾವಾಗಲೂ ತುಸು ಹಿಂದೆ. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಈಗ ಪರದೆಯ ಮೇಲೆ 'ಡಿಸ್ಕ್ ಕಾಣುತ್ತಿಲ್ಲ' ಎಂದು ಬಂತು. ಗಾಬರಿ ಬೇಡ. ಬಹಳ ಸಲ ಡಿಸ್ಕ್ ಅಲ್ಲೇ ಇರುತ್ತದೆ, ಅದಕ್ಕೆ ಹೋಗುವ ದಾರಿ ಮುಚ್ಚಿರುತ್ತದೆ. ಒಂದೇ ಸರ್ವರ್‌ಗೆ ಕಾಣುತ್ತಿಲ್ಲವೋ, ಎಲ್ಲಕ್ಕೂ ಇಲ್ಲವೋ? ಒಂದಕ್ಕೆ ಮಾತ್ರವಾದರೆ ದೋಷ ಹೆಚ್ಚಾಗಿ ಆ ಸರ್ವರ್ ಕಡೆಯದು. ಎಲ್ಲಕ್ಕೂ ಆದರೆ ಸ್ವಿಚ್ ಅಥವಾ ಸ್ಟೋರೇಜ್ ಕಡೆ ನಡೆಯಿರಿ. ಕೇಬಲ್ಲಿನ ಎರಡೂ ತುದಿಯ ಪೋರ್ಟ್ ದೀಪ ನೋಡಿ. ಉರಿಯದಿದ್ದರೆ ಕೇಬಲ್ ಬದಲಿಸಿ, ಆಮೇಲೆ ಬೆರಳಿನಷ್ಟಿರುವ ಲೇಸರ್ ಮಾಡ್ಯೂಲ್, ಆಮೇಲೆ ಪೋರ್ಟ್. ಒಂದು ಸಲಕ್ಕೆ ಒಂದೇ! ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯದು, ಕೆಟ್ಟದ್ದು ಮತ್ತೆ ಕಪಾಟು ಸೇರುತ್ತದೆ. ಫೈಬರ್ ತುದಿಯ ಧೂಳನ್ನು ಅದಕ್ಕೆಂದೇ ಇರುವ ಕ್ಲೀನರ್‌ನಿಂದ ಒರೆಸಿ. ತುದಿಯೊಳಗೆ ಇಣುಕಬೇಡಿ. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣನ್ನು ಕೆಡಿಸಬಲ್ಲದು.

ದೀಪ ಉರಿಯುತ್ತಿದೆ, ಪಿಂಗ್ ಹೋಗುತ್ತಿದೆ, ಆದರೂ ಫೈಲ್ ಹೋಗುತ್ತಿಲ್ಲ. ಅತಿ ಹೆಚ್ಚು ನಿದ್ದೆಗೆಡಿಸುವ ದೋಷ ಇದೇ. ನೆಟ್‌ವರ್ಕ್‌ನಲ್ಲಿ ಸಾಗುವ ಡಾಟಾ ಪೊಟ್ಟಣದ ಮಾಮೂಲಿ ಮಿತಿ 1500 ಬೈಟ್. ವೇಗಕ್ಕೆಂದು ಸ್ಟೋರೇಜ್‌ನವರು 9000ಕ್ಕೆ ಏರಿಸಿರುತ್ತಾರೆ. ನಡುವಿನ ಒಂದೇ ಸ್ವಿಚ್ 1500ರಲ್ಲೇ ಉಳಿದರೂ ಚಿಕ್ಕ ಪಿಂಗ್ ದಾಟುತ್ತದೆ, ದೊಡ್ಡ ಪೊಟ್ಟಣ ಬಿದ್ದುಹೋಗುತ್ತದೆ. ಕಾಲುಸಂಕದ ಮೇಲೆ ಸೈಕಲ್ ದಾಟಿತೆಂದು ಲಾರಿ ಕಳಿಸಿದಂತೆ! ಆದ್ದರಿಂದ ಒಡೆಯಬಾರದೆಂದು ಸೂಚಿಸಿ, 8972 ಬೈಟ್‌ನ ಪಿಂಗ್ ಕಳಿಸಿ ನೋಡಿ. ತಲೆಬರಹದ 28 ಬೈಟ್ ಸೇರಿದರೆ ಸರಿಯಾಗಿ 9000.

ಕಚೇರಿಯೊಳಗೆ ಎಲ್ಲ ಸರಿಯಿದ್ದರೆ ದೋಷ ಊರುಗಳ ನಡುವೆ. ರಸ್ತೆ ಅಗೆಯುವ ಜೆಸಿಬಿಗೆ ಫೈಬರ್ ಯಾವುದು, ಬೇರು ಯಾವುದು ಗೊತ್ತಾಗುವುದಿಲ್ಲ. ಲಿಂಕ್ ಕಂಪನಿಯವರು ಕೇಬಲ್ಲಿಗೆ ಬೆಳಕಿನ ಮಿಡಿತ ಬಿಟ್ಟು, ಮರಳಿ ಬಂದ ಸಮಯದಿಂದ ತುಂಡಾದ ಜಾಗದ ದೂರ ಲೆಕ್ಕ ಹಾಕುತ್ತಾರೆ. ರಾಜಮಂಡ್ರಿಯ ಆಚೆಯೋ ಈಚೆಯೋ, ಅವರು ಹೇಳಬಲ್ಲರು.

ನಿಜವಾದ ಅಪಾಯ ಲಿಂಕ್ ಹೋದಾಗಲ್ಲ, ಮರಳಿ ಬಂದಾಗ. ವಿಶಾಖಪಟ್ಟಣ ಕತ್ತಲಾಗಿ, ನೀವು ಮೂರು ದಿನ ವಿಜಯವಾಡದ ಪ್ರತಿಯ ಮೇಲೆ ಬಿಲ್ಲು ಬರೆದಿರಿ ಎನ್ನಿ. ಲಿಂಕ್ ಬಂತೆಂಬ ಖುಷಿಯಲ್ಲಿ ಎಂದಿನ ದಿಕ್ಕಿನಲ್ಲೇ, ವಿಶಾಖಪಟ್ಟಣದಿಂದ ವಿಜಯವಾಡಕ್ಕೆ, ನಕಲು ಶುರುಮಾಡಿದರೆ ಹಳೆಯದು ಹೊಸದರ ಮೇಲೆ ಕೂರುತ್ತದೆ. ಮೂರು ದಿನದ ಬಿಲ್ಲು ಹೋಯಿತು! ಹಾಗೆಂದು ತಿರುಗಿಸಿದರೆ ಮುಗಿಯಿತೇ? ಇಲ್ಲ. ವಿಜಯವಾಡದ ಪ್ರತಿ ತುಸು ಹಿಂದೆ ಎಂದೆವಲ್ಲ, ಕರೆಂಟು ಹೋಗುವ ಮುನ್ನಿನ ಕೊನೆಯ ಕೆಲವು ಬಿಲ್ಲು ವಿಶಾಖಪಟ್ಟಣದಲ್ಲಿ ಮಾತ್ರ ಇರಬಹುದು.

ಹಾಗಾಗಿ ಮೊದಲು ಎರಡೂ ಕಡೆಯ ಸ್ನ್ಯಾಪ್‌ಶಾಟ್ ತೆಗೆದಿಡಿ. ಎರಡರ ಕೊನೆಯ ಬಿಲ್ಲಿನ ಸಂಖ್ಯೆ, ವೇಳೆ ಕಾಗದದ ಮೇಲೆ ಬರೆಯಿರಿ. ಗಡಿಯಾರಗಳು ಹೊಂದುತ್ತವೆಯೇ ನೋಡಿ. 'ಎಲ್ಲಿಂದ ಎಲ್ಲಿಗೆ' ಎಂಬುದನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಬಟನ್ ಒತ್ತಿ. ಮೇಲಧಿಕಾರಿ ಇನ್ನೂ ಹತ್ತು ನಿಮಿಷ ಕಾಯಲಿ ಬಿಡಿ.