ಬೆಟ್ಟಿ ಕಾರ್ಟರ್: ಜಾಝ್ ಗಾಯನದ ಸ್ವಾಯತ್ತ ಮಾರ್ಗ

ಜಾಝ್ ಪರಂಪರೆಯಲ್ಲಿ ಗಾಯಕಿಯನ್ನು ಬಹುಕಾಲ ವಾದ್ಯವೃಂದದ ಅಲಂಕಾರವೆಂದೇ ಭಾವಿಸಲಾಗುತ್ತಿತ್ತು. ಈ ಗ್ರಹಿಕೆಯನ್ನು ಮುರಿದವರಲ್ಲಿ ಬೆಟ್ಟಿ ಕಾರ್ಟರ್ (1929–1998) ಪ್ರಮುಖರು. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಜನಿಸಿ ಡೆಟ್ರಾಯಿಟ್‌ನಲ್ಲಿ ಬೆಳೆದ ಲಿಲ್ಲಿ ಮೇ ಜೋನ್ಸ್, 1948ರಲ್ಲಿ ಲಯೊನೆಲ್ ಹ್ಯಾಂಪ್ಟನ್ ಅವರ ವೃಂದವನ್ನು ಸೇರಿದರು. ಬೀಬಾಪ್ ಶೈಲಿಯ ಒಲವಿನಿಂದ ಅವರಿಗೆ ‘ಬೆಟ್ಟಿ ಬೀಬಾಪ್’ ಎಂಬ ಅಡ್ಡಹೆಸರು ಬಂದಿತು.

ಪರಿಚಿತ ಗೀತೆಯ ಗತಿಯನ್ನು ಅತಿವಿಳಂಬಕ್ಕೋ ಅತಿದ್ರುತಕ್ಕೋ ಒಯ್ದು, ತಾಳದ ಹಿಂದೆ ಸರಿದು, ಮೂಲಧಾಟಿಯನ್ನು ಹೊಸದಾಗಿ ಕಟ್ಟುವುದು ಅವರ ವಿಧಾನ. ಇಲ್ಲಿ ಕಂಠವು ಸ್ಯಾಕ್ಸೊಫೋನಿನಂತೆಯೇ ಮನೋಧರ್ಮಪ್ರಧಾನ ವಾದ್ಯವಾಗುತ್ತದೆ.

1961ರಲ್ಲಿ ರೇ ಚಾರ್ಲ್ಸ್ ಅವರೊಡನೆ ಹಾಡಿದ ಯುಗಳಗೀತೆಗಳು ಖ್ಯಾತಿ ತಂದವು. ಆದರೂ ಮಾರುಕಟ್ಟೆಯ ಅಭಿರುಚಿಗೆ ಬಾಗದ ಗಾಯನಕ್ಕೆ ಧ್ವನಿಮುದ್ರಣದ ಅವಕಾಶ ವಿರಳವಾಗಿತ್ತು. 1970ರ ಸುಮಾರಿಗೆ ಅವರು ‘ಬೆಟ್-ಕಾರ್’ ಎಂಬ ಸ್ವಂತ ಸಂಸ್ಥೆಯನ್ನೇ ಸ್ಥಾಪಿಸಿದರು. ಲಾಭಕ್ಕಿಂತಲೂ ಕಲಾವಿದೆಗೆ ತನ್ನ ಕೃತಿಯ ಮೇಲಿರುವ ಅಧಿಕಾರವೇ ಈ ನಿರ್ಧಾರದ ತಿರುಳಾಗಿತ್ತು. 1988ರಲ್ಲಿ ವರ್ವ್ ಸಂಸ್ಥೆಯಿಂದ ಹೊರಬಂದ ‘ಲುಕ್ ವಾಟ್ ಐ ಗಾಟ್!’ ಗ್ರ್ಯಾಮಿ ಪ್ರಶಸ್ತಿ ಗಳಿಸಿತು.

ಮಲ್‌ಗ್ರೂ ಮಿಲ್ಲರ್, ಸೈರಸ್ ಚೆಸ್ಟ್‌ನಟ್ ಮೊದಲಾದ ಪಿಯಾನೊವಾದಕರು ತಾರುಣ್ಯದಲ್ಲಿ ಅವರ ವೃಂದದಲ್ಲಿಯೇ ಪಳಗಿದರು. 1993ರಲ್ಲಿ ಅವರು ಆರಂಭಿಸಿದ ‘ಜಾಝ್ ಅಹೆಡ್’ ಕಾರ್ಯಕ್ರಮವು ಈ ಶಿಕ್ಷಣಕ್ಕೆ ಸಾಂಸ್ಥಿಕ ರೂಪ ನೀಡಿತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಕಲಾಪದಕವು ಅವರಿಗೆ ಸಂದಿತು. ಗಾಯನದಲ್ಲಿಯೂ ವೃತ್ತಿಯಲ್ಲಿಯೂ ಸ್ವಾತಂತ್ರ್ಯವು ಅವಿಭಾಜ್ಯವೆಂಬುದನ್ನು ಅವರ ಬದುಕು ಪ್ರತಿಪಾದಿಸುತ್ತದೆ.