ಅರಿವಿಗೂ ಗೇಜು ಬೇಕು

ಮಾನ್ವಿ ತಾಲೂಕಿನ ನೀರಮಾನ್ವಿಯು ತನ್ನ ಹೆಸರಿನಲ್ಲಿಯೇ ನೀರನ್ನು ಹೊತ್ತ ಗ್ರಾಮ. ತುಂಗಭದ್ರಾ ಎಡದಂಡೆ ಕಾಲುವೆಯು ಮುನಿರಾಬಾದಿನಿಂದ ಹೊರಟು ಸುಮಾರು 227 ಕಿ.ಮೀ. ಹರಿಯುತ್ತದೆ. ಅದರ ಕೆಳಭಾಗದ ಈ ಸೀಮೆಯ ರೈತನಿಗೆ ಗೇಜು ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುವೆಯಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆಯೇ ಅವನ ಬೆಳೆ ನಿಂತಿದೆ. ನೀರಿಗೆ ಗೇಜು ಉಂಟು. ನೀರನ್ನು ಕಾಯುವ ಕಚೇರಿಯಲ್ಲಿ ಅರಿವು ಎಷ್ಟಿದೆ, ಅದು ಎಲ್ಲಿ ಸೋರಿಹೋಗುತ್ತಿದೆ ಎಂಬುದಕ್ಕೆ ಗೇಜು ಉಂಟೇ?

ಈ ಪ್ರಶ್ನೆ ಪಂಡಿತರ ಕಾಲಕ್ಷೇಪವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟನ್ನು ಇಳಿಸುವ ಕಾರ್ಯಕ್ಕೆ ಮುಂದಾಳಾಗಿ ಬಂದವರು ನಿವೃತ್ತ ತಜ್ಞರಾದ ಶ್ರೀ ಕನ್ನಯ್ಯ ನಾಯ್ಡು ಅವರು. ಸುಮಾರು ಒಂದು ವಾರದಲ್ಲಿ ಕಾರ್ಯ ಕೈಗೂಡಿತು. ಆ ಮಹನೀಯರಿಗೂ ಅವರೊಡನೆ ದುಡಿದ ಕೆಲಸಗಾರರಿಗೂ ನಾಡು ಋಣಿಯಾಗಿದೆ. ಆದರೆ ಅಂಥ ಅನುಭವಕ್ಕಾಗಿ ನಿವೃತ್ತರ ಮನೆಯ ಬಾಗಿಲನ್ನು ತಟ್ಟಬೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಇದಕ್ಕಿಂತಲೂ ಖೇದಕರವಾದ ಮಾತೊಂದಿದೆ. ಅಣೆಕಟ್ಟುಗಳ ಗೇಟುಗಳನ್ನೇ ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ಇದೇ ಅಣೆಕಟ್ಟಿನ ಮಗ್ಗುಲಲ್ಲಿತ್ತು. ಅದನ್ನು ಮುಚ್ಚುವುದಕ್ಕೆ ಕೇಂದ್ರ ಸಚಿವ ಸಂಪುಟವು 2015ರ ಡಿಸೆಂಬರಿನಲ್ಲಿ ಒಪ್ಪಿಗೆಯಿತ್ತಿತು. ಕಾರ್ಖಾನೆಯೊಂದನ್ನು ಮುಚ್ಚುವಾಗ ಭೂಮಿ, ಯಂತ್ರ, ಸಾಲ, ನಷ್ಟ ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಕೆಲಸಗಾರರ ಕೈಯಲ್ಲಿದ್ದ ಅರಿವಿಗೆ ಯಾವ ಲೆಕ್ಕಪುಸ್ತಕದಲ್ಲಿ ಅಂಕಣವಿದೆ? ಅಳೆಯದ ವಸ್ತು ಕಳೆದುಹೋದರೆ ಕಳೆದುದು ಸಹ ತಿಳಿಯುವುದಿಲ್ಲ.

ಜಪಾನಿನ ನೊನಾಕಾ ಮತ್ತು ತಾಕೆಉಚಿ ಎಂಬ ವಿದ್ವಾಂಸರು 1995ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ವಿಶದಪಡಿಸಿದ್ದಾರೆ. ಕೈಯಲ್ಲಿ ಅಡಗಿರುವ ಅರಿವು ಮಾತಿಗೆ ಬರಬೇಕು, ಮಾತು ಬರಹವಾಗಬೇಕು, ಬರಹ ಮತ್ತೊಬ್ಬನ ಕೈಗೆ ಇಳಿಯಬೇಕು. ಹೊಸ ಅರಿವು ಹುಟ್ಟುವುದು ಈ ಸುತ್ತಿನಲ್ಲಿಯೇ. ನಮ್ಮ ಕಚೇರಿಗಳಲ್ಲಿ ಈ ಸುತ್ತು ವರ್ಗಾವಣೆಯಿಂದಲೂ ನಿವೃತ್ತಿಯಿಂದಲೂ ಪದೇಪದೇ ಕಡಿಯುತ್ತದೆ.

ಹಾಗಾದರೆ ಅಳೆಯುವುದೆಂತು? ತರಬೇತಿ ಶಿಬಿರಗಳನ್ನೂ ಹಂಚಿದ ಪ್ರಮಾಣಪತ್ರಗಳನ್ನೂ ಎಣಿಸಿದರೆ ಕಾಗದದ ತೂಕ ತಿಳಿದೀತೇ ಹೊರತು ಅರಿವಿನ ತೂಕ ತಿಳಿಯದು. ಪ್ರತಿಯೊಂದು ಖಾತೆಯೂ ವರ್ಷಕ್ಕೊಮ್ಮೆ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಲಿ. ಒಬ್ಬನೇ ಬಲ್ಲ ಕೆಲಸಗಳೆಷ್ಟು? ಆ ಒಬ್ಬನು ನಿವೃತ್ತನಾಗುವ ಮೊದಲು ಅವನ ಕೈಕೆಳಗೆ ಕಲಿತವರೆಷ್ಟು ಮಂದಿ? ಕಳೆದ ವರ್ಷದ ತಪ್ಪು ಈ ವರ್ಷವೂ ಮರುಕಳಿಸಿತೇ? ಒಂದು ವಿಭಾಗದ ನೌಕರನು ಕಂಡುಕೊಂಡ ಉಪಾಯವು ಬೇರೆ ವಿಭಾಗಗಳನ್ನು ಎಷ್ಟು ದಿನಗಳಲ್ಲಿ ಮುಟ್ಟಿತು? ಇವುಗಳ ಮೇಲೆ ಕಡೆಯ ಪರೀಕ್ಷೆಯೊಂದಿದೆ. ಬರೆದಿಟ್ಟುದನ್ನು ಹೊಸಬನ ಕೈಯಲ್ಲಿಟ್ಟು, ಹಳಬನು ದೂರ ನಿಂತು ನೋಡಲಿ. ಕೆಲಸ ನಡೆದರೆ ಅರಿವು ಕಚೇರಿಯದಾಯಿತು, ನಡೆಯದಿದ್ದರೆ ಅದಿನ್ನೂ ಒಬ್ಬನ ಸ್ವತ್ತೇ.

ಬಲ್ಲವನು ತನ್ನ ವಿದ್ಯೆಯನ್ನು ಸುಲಭವಾಗಿ ಬಿಟ್ಟುಕೊಡನೆಂದು ಕೆಲವರು ಆಕ್ಷೇಪಿಸಬಹುದು. ಅದು ಸಹಜ. ಕಲಿಸಿದ ಮೇಲೆ ತನ್ನನ್ನು ಕೇಳುವವರಿಲ್ಲವೆಂಬ ಭಯ ಅವನಿಗಿದೆ. ಕಲಿಸಿದವನಿಗೆ ಬಡ್ತಿಯಲ್ಲಿಯೂ ಮರ್ಯಾದೆಯಲ್ಲಿಯೂ ತಕ್ಕ ಸ್ಥಾನ ದೊರೆತರೆ ಆ ಭಯ ತಾನಾಗಿ ನೀಗುತ್ತದೆ. ತೂಬಿನ ಬಳಿ ನಿಂತು ದುಡಿಯುವ ಅಲ್ಪ ಸಂಬಳದ ನೌಕರನಿಗೂ ಈ ಮಾತು ಅನ್ವಯಿಸಬೇಕು. ಕಾಲುವೆಯ ಗುಣದೋಷಗಳನ್ನು ದಿನವೂ ಕಾಣುವವನು ಅವನೇ.

ಅಧಿಕಾರಿಗಳು ಇದನ್ನು ದೊಡ್ಡ ಯೋಜನೆಯನ್ನಾಗಿ ಮಾಡಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಒಂದೇ ಉಪವಿಭಾಗದಲ್ಲಿ, ಮುಂಗಾರಿನ ನೀರು ಬಿಡುವುದಕ್ಕೆ ಮೊದಲು, ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ನೋಡಲಿ. ಮೇಲ್ಭಾಗದ ಕಚೇರಿಯಲ್ಲಿ ಅರಿವು ಬತ್ತಿದರೆ ಅದರ ದಂಡವನ್ನು ತೆರುವವನು ಕಾಲುವೆಯ ಕೊನೆಯಲ್ಲಿರುವ ರೈತನೇ.